ಬೆಕ್ಕು ನಾಯಿಗಳ ಕಿರುಬಾಗಿಲು

ನಾಯಿಯೂ ಬೆಕ್ಕೂ ಸಾವಿರಾರು ವರ್ಷಗಳಿಂದ ಮನುಷ್ಯನ ನೆರಳಿನಲ್ಲಿ ಬಾಳುತ್ತ ಬಂದಿವೆ. ನಾಯಿ ಅಂಗಳವನ್ನು ಕಾಯಿತು. ಬೆಕ್ಕು ಕಣಜವನ್ನು ಕಾಯಿತು. ಆದರೆ ಮನೆಯ ಬಾಗಿಲು ಮಾತ್ರ ಮನುಷ್ಯನ ಎತ್ತರಕ್ಕೆ ತಕ್ಕಂತೆ, ಅವನ ಕೈಗೆ ಎಟುಕುವ ಅಗುಳಿಯೊಡನೆ ನಿರ್ಮಾಣವಾಯಿತು. ಆ ಬಾಗಿಲನ್ನು ಈ ಮೂಕಪ್ರಾಣಿಗಳು ದಾಟುವುದೆಂತು?

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಹಳೆಯ ಹೆಂಚಿನ ಮನೆಗಳಲ್ಲಿ ಈ ಪ್ರಶ್ನೆ ಅಷ್ಟಾಗಿ ಏಳುತ್ತಿರಲಿಲ್ಲ. ಗೋಡೆಗೂ ಮಾಡಿಗೂ ನಡುವೆ ಉಳಿಯುತ್ತಿದ್ದ ಸಂದಿಯೇ ಬೆಕ್ಕಿನ ರಾಜಮಾರ್ಗವಾಗಿತ್ತು. ಹೇಮಾವತಿ ಬಯಲಿನ ಭತ್ತವಾಗಲಿ, ಚನ್ನರಾಯಪಟ್ಟಣದ ಕಡೆಯ ರಾಗಿಯಾಗಲಿ, ಮನೆಗೆ ಬಂದ ಬೆಳೆಗೆ ಇಲಿಯ ಕಾಟ ತಪ್ಪಿದ್ದಲ್ಲ. ಆದುದರಿಂದ ರಾತ್ರಿಯೆಲ್ಲ ಅಟ್ಟದ ಮೇಲೆ ಸುಳಿದಾಡುವ ಬೆಕ್ಕು ರೈತನಿಗೆ ಸಂಬಳವಿಲ್ಲದ ಕಾವಲುಗಾರನಾಗಿತ್ತು. ನಾಯಿಗೆ ಜಗುಲಿಯೇ ಮನೆ. ಇಂದು ಹೆಂಚಿನ ಮನೆಗಳ ಸ್ಥಾನದಲ್ಲಿ ತಾರಸಿಯ ಮನೆಗಳು ಎದ್ದಿವೆ; ಕಿಟಕಿಗಳಿಗೆ ಸೊಳ್ಳೆಯ ಬಲೆ ಬಂದಿದೆ. ಬೆಕ್ಕಿನ ಹಾದಿ ಮುಚ್ಚಿಹೋಗಿದೆ. ನಡುರಾತ್ರಿ ಅದು ಬಾಗಿಲ ಬಳಿ ಕೂಗಿದರೆ ಮನೆಯವರು ನಿದ್ದೆಗಣ್ಣಿನಲ್ಲಿ ಎದ್ದು ಬರಬೇಕು. ಈ ತೊಂದರೆಗೆ ಪರಿಹಾರವೇ ದೊಡ್ಡ ಬಾಗಿಲಿನ ಕೆಳಭಾಗದಲ್ಲಿ ಕೊರೆದ ಕಿರುಬಾಗಿಲು.

ಈ ಉಪಾಯವು ಹೊಸದೇನೂ ಅಲ್ಲ. ಬೆಕ್ಕು ನುಸುಳುವ ಕಿಂಡಿಯ ಪ್ರಸ್ತಾಪ 14ನೆಯ ಶತಮಾನದ ಆಂಗ್ಲ ಕವಿ ಚಾಸರನ ಕಥೆಯೊಂದರಲ್ಲಿಯೇ ಇದೆ. ಇಂಗ್ಲೆಂಡಿನ ಎಕ್ಸೆಟರ್ ನಗರದ ಮಹಾ ಇಗರ್ಜಿಯಲ್ಲಿ 1598ರಲ್ಲಿ ಬಡಗಿಗಳಿಗೆ ಹಣ ಕೊಟ್ಟು ಬಾಗಿಲೊಂದರಲ್ಲಿ ಬೆಕ್ಕಿಗಾಗಿ ದುಂಡಗಿನ ರಂಧ್ರವನ್ನು ಕೊರೆಸಿದರು. ಅಲ್ಲಿಯೂ ಬೆಕ್ಕಿನ ಕೆಲಸ ಇಲಿಗಳನ್ನು ಹಿಡಿಯುವುದೇ ಆಗಿತ್ತು.

ಕಿರುಬಾಗಿಲಿನ ರಚನೆ ಸರಳವಾದುದು. ಪ್ರಾಣಿಯ ಭುಜಗಳು ತಾಗದಂತೆ ಹಾಯ್ದುಹೋಗುವಷ್ಟು ಅಗಲವಾದ ಕಿಂಡಿ ಬೇಕು. ಕಿಂಡಿಯ ಕೆಳ ಅಂಚು ಪ್ರಾಣಿಯ ಹೊಟ್ಟೆಯ ಮಟ್ಟಕ್ಕಿಂತ ಮೇಲಿರಬಾರದು. ಬೆಕ್ಕಿಗಾದರೆ ನೆಲದಿಂದ ಸುಮಾರು 15 ಸೆಂಟಿಮೀಟರ್ ಎತ್ತರ ಸಾಕು. ಮೇಲಂಚಿನಿಂದ ಹಗುರವಾದ ಹಲಗೆಯನ್ನೋ ದಪ್ಪ ರಬ್ಬರಿನ ಹಾಳೆಯನ್ನೋ ಇಳಿಬಿಡಬೇಕು. ಅದು ಒಳಕ್ಕೂ ಹೊರಕ್ಕೂ ತೂಗಾಡುವಂತಿರಬೇಕು.

ಬಾಗಿಲನ್ನು ಮಾಡುವುದು ಒಂದು ದಿನದ ಕೆಲಸ. ಅದನ್ನು ಬಳಸಲು ಪ್ರಾಣಿಗೆ ಕಲಿಸುವುದೇ ನಿಜವಾದ ಕೆಲಸ. ಬೆಕ್ಕಿನ ಕಣ್ಣಿಗೆ ಇಳಿಬಿದ್ದ ಹಲಗೆಯು ಬಾಗಿಲಲ್ಲ, ಗೋಡೆ. ತಲೆ ತೂರಿಸಿದರೆ ಅದು ಬೆನ್ನಿಗೆ ತಾಗುತ್ತದೆ, ಹಿಂದಿನಿಂದ ಪಟ್ಟನೆ ಸದ್ದು ಮಾಡುತ್ತದೆ. ಭಯಪಡುವುದು ಸಹಜವೇ. ಆಗ ಮನೆಯವರು ತಾಳ್ಮೆಗೆಟ್ಟು ಅದರ ಕುತ್ತಿಗೆ ಹಿಡಿದು ಕಿಂಡಿಯೊಳಕ್ಕೆ ನೂಕುವುದುಂಟು. ಇದರಿಂದ ಪ್ರಯೋಜನವಿಲ್ಲವೆಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1898ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ತಿಳಿಯಬಹುದು. ಆತನು ಹಸಿದ ಬೆಕ್ಕುಗಳನ್ನು ಪೆಟ್ಟಿಗೆಗಳಲ್ಲಿ ಇರಿಸಿ ಆಹಾರವನ್ನು ಹೊರಗಿಟ್ಟನು. ಬೆಕ್ಕು ಪರಚಿ, ಎಳೆದು, ತಿಣುಕಿ, ಒಮ್ಮೆ ಆಕಸ್ಮಿಕವಾಗಿ ಅಗುಳಿಯನ್ನು ಸರಿಸಿ ಹೊರಬರುತ್ತಿತ್ತು. ಮತ್ತೆ ಮತ್ತೆ ಪ್ರಯತ್ನಿಸಿದಂತೆ ಅದಕ್ಕೆ ಹಿಡಿಯುವ ಕಾಲವು ಕ್ರಮೇಣ ಕಡಿಮೆಯಾಗುತ್ತಿತ್ತು. ಆದರೆ ಬೆಕ್ಕಿನ ಪಂಜವನ್ನು ತಾನೇ ಹಿಡಿದು ಅಗುಳಿಯನ್ನು ತೆಗೆಸಿದಾಗ ಬೆಕ್ಕು ಏನನ್ನೂ ಕಲಿಯಲಿಲ್ಲವೆಂದು ಆತನು ಕಂಡುಕೊಂಡನು. ತಾನಾಗಿ ಮಾಡಿ, ಅದರಿಂದ ಸುಖ ಕಂಡ ಕೆಲಸವನ್ನು ಮಾತ್ರ ಪ್ರಾಣಿ ನೆನಪಿಡುತ್ತದೆ.

ಕಲಿಸುವ ಕ್ರಮವೂ ಈ ತತ್ತ್ವವನ್ನೇ ಅನುಸರಿಸಬೇಕು. ಮೊದಲು ಹಲಗೆಯನ್ನು ಮೇಲಕ್ಕೆತ್ತಿ ಕಟ್ಟಿ, ಕಿಂಡಿಯನ್ನು ತೆರೆದೇ ಇಡಬೇಕು. ಊಟದ ಹೊತ್ತಿಗೆ ಆಚೆಯ ಬದಿಯಲ್ಲಿ ಒಂದಿಷ್ಟು ಹಾಲನ್ನವನ್ನೋ ಮೀನಿನ ಚೂರನ್ನೋ ಇಟ್ಟು ಮೆಲ್ಲನೆ ಕರೆಯಬೇಕು. ಕೆಲವು ದಿನಗಳಲ್ಲಿ ಹೋಗಿಬರುವುದು ರೂಢಿಯಾದ ಮೇಲೆ ಹಲಗೆಯನ್ನು ಅರ್ಧಕ್ಕೆ ಇಳಿಸಬೇಕು. ಅದರ ಸ್ಪರ್ಶವೂ ಸದ್ದೂ ಪರಿಚಿತವಾದ ಅನಂತರವೇ ಪೂರ್ತಿಯಾಗಿ ಬಿಡಬೇಕು. ಒಳಗಿನಿಂದ ಹೊರಕ್ಕೆ ಹೋಗಲು ಕಲಿತ ಪ್ರಾಣಿಯು ಹೊರಗಿನಿಂದ ಒಳಕ್ಕೆ ಬರಲು ಬಲ್ಲದೆಂದು ಭಾವಿಸಬಾರದು. ಅದು ಇನ್ನೊಂದು ಪಾಠ. ನಾಯಿಗೆ ತಿನಿಸಿನಷ್ಟೇ ಯಜಮಾನನ ಮೆಚ್ಚುಗೆಯ ದನಿಯೂ ಪ್ರಿಯ. ಬೆಕ್ಕಿಗೆ ಏಕಾಂತವೂ ಬಿಡುವೂ ಬೇಕು. ಯಾವುದಾದರೂ ಹಂತದಲ್ಲಿ ಪ್ರಾಣಿ ಹಿಂಜರಿದರೆ ಕಲಿಸುವವನೂ ಒಂದು ಹೆಜ್ಜೆ ಹಿಂದಕ್ಕೆ ಬರಬೇಕು.

ಇಷ್ಟಾದರೂ ಕಿರುಬಾಗಿಲಿಗೆ ಒಳಗಿನಿಂದ ಹಾಕುವ ಚಿಲಕವೊಂದು ಅವಶ್ಯ. ಬೆಕ್ಕು ಬರುವ ದಾರಿಯಲ್ಲಿ ಹಾವೂ ಬರಬಹುದು. ಹಾಸನ ಜಿಲ್ಲೆಯ ಗುಡ್ಡಗಳ ಅಂಚಿನ ಊರುಗಳಿಗೆ ಚಿರತೆಗಳು ನಾಯಿಗಳನ್ನು ಅರಸಿ ಬರುವುದುಂಟು. ಅಂತಹ ಕಡೆಗಳಲ್ಲಿ ಕತ್ತಲಾಗುವ ಮುನ್ನವೇ ನಾಯಿಯನ್ನು ಒಳಗೆ ಕರೆದು ಚಿಲಕ ಹಾಕುವುದು ಕ್ಷೇಮ. ಹೊರಗೆ ತಿರುಗಾಡುವ ಪ್ರಾಣಿಗಳಿಗೆ ಪಶುವೈದ್ಯರಿಂದ ಹುಚ್ಚುರೋಗದ ಲಸಿಕೆಯನ್ನು ತಪ್ಪದೆ ಹಾಕಿಸಬೇಕು. ಏಕೆಂದರೆ ರೋಗವೂ ಅದೇ ಬಾಗಿಲಿನಿಂದ ಮನೆಯನ್ನು ಹೊಕ್ಕೀತು.

ದಂಡಂ ದಶಗುಣಂ ಎಂಬ ಮಾತು ಬಹುಕಾಲದಿಂದ ರೂಢಿಯಲ್ಲಿದೆ. ಆದರೆ ಹೊಡೆದು ನೂಕಿಸಿಕೊಂಡ ಬೆಕ್ಕು ಆ ಬಾಗಿಲ ಬಳಿಗೇ ಸುಳಿಯದು; ಕಾದು ಕರೆಸಿಕೊಂಡ ಬೆಕ್ಕು ಜೀವನವಿಡೀ ಅದನ್ನು ದಾಟುತ್ತಿರುತ್ತದೆ. ಬಾಗಿಲನ್ನು ತೆರೆದಿಡುವುದು ಕಲಿಸುವವನ ಕರ್ತವ್ಯ. ದಾಟುವ ಹೆಜ್ಜೆಯನ್ನು ಕಲಿಯುವ ಜೀವವೇ ಇಡಬೇಕು.