ಸಭಾಕಂಪನವಿದ್ದವರು ಜಾಹೀರಾತು ಕಚೇರಿಯಲ್ಲಿ

ಜಾಹೀರಾತು ಸಂಸ್ಥೆಯೆಂದರೆ ಮಾತಿನ ಮಲ್ಲರ ಅಡ್ಡೆ ಎಂಬುದು ಹಳೆಯ ನಂಬಿಕೆ. ಮೀಟಿಂಗಿನಲ್ಲಿ ಥಟ್ಟನೆ ಸಾಲು ಹೊಳೆಯಬೇಕು, ಕ್ಲೈಂಟ್ ಎದುರು ನಿಂತು ಅದನ್ನು ಒಪ್ಪಿಸಬೇಕು. ನಾಲ್ಕು ಜನ ಕಂಡರೆ ನಾಲಿಗೆ ಒಣಗುವ ಕಾಪಿರೈಟರ್ ಅಲ್ಲಿ ಬಾಳಿಯಾನೇ? ಐಡಿಯಾ ಹುಟ್ಟುವ ಗಳಿಗೆಯನ್ನೂ ಅದನ್ನು ಮಂಡಿಸುವ ಗಳಿಗೆಯನ್ನೂ ಮನೋವಿಜ್ಞಾನಿಗಳು ಬೇರೆ ಬೇರೆಯಾಗಿ ಪರೀಕ್ಷಿಸಿದ್ದಾರೆ. ಸಿಕ್ಕ ಉತ್ತರಗಳೂ ಬೇರೆ ಬೇರೆ.

ಗುಂಪಾಗಿ ಕೂತು, ಯಾರನ್ನೂ ಟೀಕಿಸದೆ, ತೋಚಿದ್ದನ್ನೆಲ್ಲ ಗಟ್ಟಿಯಾಗಿ ಹೇಳುತ್ತ ಹೋಗುವ ‘ಬ್ರೇನ್‌ಸ್ಟಾರ್ಮಿಂಗ್’ ಹುಟ್ಟಿದ್ದೇ ಜಾಹೀರಾತು ಕಚೇರಿಯಲ್ಲಿ. ಅಮೆರಿಕದ ಬಿಬಿಡಿಒ ಸಂಸ್ಥೆಯ ಅಲೆಕ್ಸ್ ಓಸ್‌ಬಾರ್ನ್ 1948ರ ತಮ್ಮ ಪುಸ್ತಕದಲ್ಲಿ ಇದನ್ನು ಜನಪ್ರಿಯಗೊಳಿಸಿದರು. ಗುಂಪಿನಲ್ಲಿ ಕೂತರೆ ಐಡಿಯಾಗಳು ಹೆಚ್ಚು ಹುಟ್ಟುತ್ತವೆ ಎಂಬುದು ಅವರ ದೃಢವಾದ ನಂಬಿಕೆಯಾಗಿತ್ತು.

ಲೆಕ್ಕ ಹಾಕಿ ನೋಡಿದಾಗ ಫಲಿತಾಂಶ ತಿರುಗುಮುರುಗಾಯಿತು. 1963ರಲ್ಲಿ ಮಾರ್ವಿನ್ ಡನೆಟ್ ಮತ್ತು ಸಂಗಡಿಗರು 3ಎಂ ಕಂಪನಿಯ 48 ಸಂಶೋಧಕರನ್ನೂ ಜಾಹೀರಾತು ವಿಭಾಗದ 48 ಜನರನ್ನೂ ಆರಿಸಿಕೊಂಡರು. ನಾಲ್ವರಂತೆ 24 ತಂಡಗಳಾದವು. ಪ್ರತಿಯೊಬ್ಬರೂ ಕೆಲವು ಸಮಸ್ಯೆಗಳನ್ನು ತಂಡದಲ್ಲಿ, ಇನ್ನು ಕೆಲವನ್ನು ಒಬ್ಬರೇ ಕೂತು ಬಿಡಿಸಬೇಕಿತ್ತು. 24ರಲ್ಲಿ 23 ತಂಡಗಳ ಸದಸ್ಯರು ಒಬ್ಬೊಬ್ಬರೇ ಕೂತಾಗ ಹೆಚ್ಚು ಐಡಿಯಾ ಕೊಟ್ಟರು, ಗುಣಮಟ್ಟವೂ ಇಳಿಯಲಿಲ್ಲ. ವಾಚಾಳಿಗಳೆಂದು ಹೆಸರಾದ ಜಾಹೀರಾತಿನವರಿಗೂ ಗುಂಪು ವಿಶೇಷ ಲಾಭ ತಂದುಕೊಡಲಿಲ್ಲ.

ಕಾರಣವೇನು? ಜರ್ಮನಿಯಲ್ಲಿ ಮೈಕೆಲ್ ಡೀಲ್ ಮತ್ತು ವುಲ್ಫ್‌ಗಾಂಗ್ ಸ್ಟ್ರೋಬೆ 1987ರಲ್ಲಿ ಪ್ರಕಟಿಸಿದ ಪ್ರಯೋಗಗಳ ಪ್ರಕಾರ ದೊಡ್ಡ ಅಡ್ಡಿ ಸರದಿಯದು. ಒಬ್ಬರು ಮಾತಾಡುವಾಗ ಮಿಕ್ಕವರು ಕಾಯಬೇಕು, ಕಾಯುತ್ತಿರುವಾಗಲೇ ಹೊಳೆದದ್ದು ಮರೆತುಹೋಗುತ್ತದೆ. ‘ಇದನ್ನು ಹೇಳಿದರೆ ನಕ್ಕಾರೇನೋ’ ಎಂಬ ಅಳುಕು ಇದರ ಮೇಲೆ ಸೇರಿಕೊಳ್ಳುತ್ತದೆ. ಸಭಾಕಂಪನವಿದ್ದವರಿಗೆ ಇದು ಹೊಸದೇನಲ್ಲ.

ಪರಿಹಾರ ಸರಳ: ಬರೆಯುವುದು. ಜರ್ಮನಿಯ ಬೆರ್ನ್ಡ್ ರೋರ್‌ಬಾಖ್ 1968ರಲ್ಲಿ ರೂಪಿಸಿದ ‘6-3-5’ ವಿಧಾನದಲ್ಲಿ ಆರು ಜನ ಐದೈದು ನಿಮಿಷಕ್ಕೆ ಮೂರು ಐಡಿಯಾ ಬರೆದು ಹಾಳೆಯನ್ನು ಪಕ್ಕದವರಿಗೆ ದಾಟಿಸುತ್ತಾರೆ. ಅರ್ಧ ಗಂಟೆಗೆ 108 ಐಡಿಯಾ. ಯಾರೂ ಬಾಯಿ ತೆರೆಯಬೇಕಿಲ್ಲ.

ಆದರೆ ಕ್ಲೈಂಟ್ ಎದುರು ಐಡಿಯಾ ಮಂಡಿಸುವ ಪಿಚ್ ದಿನ ಯಾರಾದರೂ ಮಾತಾಡಲೇಬೇಕಲ್ಲ?

ಪಿಚ್ ನಡೆಯುವ ಕೋಣೆಯ ಪಡಿಯಚ್ಚಿನಂಥ ಪರೀಕ್ಷೆಯೊಂದು ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದಲ್ಲಿ 1993ರಲ್ಲಿ ಸಿದ್ಧವಾಯಿತು. ಕ್ಲೆಮೆನ್ಸ್ ಕಿರ್ಶ್‌ಬಾಮ್ ತಂಡ ರೂಪಿಸಿದ ಇದರಲ್ಲಿ, ಮುಖದಲ್ಲಿ ಯಾವ ಭಾವವನ್ನೂ ತೋರಿಸದ ತೀರ್ಪುಗಾರರ ಎದುರು ಐದು ನಿಮಿಷ ಭಾಷಣ ಮಾಡಬೇಕು. ಆಮೇಲೆ 1022ರಿಂದ 13 ಕಳೆಯುತ್ತ ಹೋಗಬೇಕು. ತಪ್ಪಿದರೆ ಮತ್ತೆ ಮೊದಲಿನಿಂದ. ಒತ್ತಡದ ಹಾರ್ಮೋನು ಕಾರ್ಟಿಸಾಲ್ ಜೊಲ್ಲಿನಲ್ಲಿ ಎರಡರಿಂದ ನಾಲ್ಕು ಪಟ್ಟು ಏರಿತು. ಇಂಥ 208 ಪ್ರಯೋಗಾಲಯ ಅಧ್ಯಯನಗಳನ್ನು 2004ರಲ್ಲಿ ಒಟ್ಟಿಗೆ ಪರಿಶೀಲಿಸಿದ ಸ್ಯಾಲಿ ಡಿಕರ್ಸನ್ ಮತ್ತು ಮಾರ್ಗರೆಟ್ ಕೆಮೆನಿ, ಇತರರು ತೂಗಿನೋಡುತ್ತಿದ್ದಾರೆ ಎಂಬ ಭಾವವೂ ಪರಿಸ್ಥಿತಿ ಕೈಯಲ್ಲಿಲ್ಲವೆಂಬ ಭಾವವೂ ಒಟ್ಟಿಗೆ ಬಂದಾಗ ಕಾರ್ಟಿಸಾಲ್ ಅತಿ ಹೆಚ್ಚು ಏರುತ್ತದೆ ಎಂದು ತೋರಿಸಿದರು. ಕ್ಲೈಂಟ್ ಮುಂದಿನ ಪಿಚ್‌ನಲ್ಲಿ ಎರಡೂ ಇರುತ್ತವೆ.

ಎದೆ ಹೊಡೆದುಕೊಳ್ಳುವುದು ಎದುರಿನವರಿಗೆ ಕಾಣುತ್ತಿದೆ ಎಂಬುದು ಬಹುಪಾಲು ಭ್ರಮೆ. ಕೆನೆತ್ ಸಾವಿಟ್ಸ್ಕಿ ಮತ್ತು ಥಾಮಸ್ ಗಿಲೋವಿಚ್ 2003ರ ಅಧ್ಯಯನದಲ್ಲಿ ಕೆಲವರಿಗೆ ಈ ಸಂಗತಿಯನ್ನು ಮೊದಲೇ ತಿಳಿಸಿದರು. ಅವರ ಭಾಷಣ ಕೇಳುಗರಿಗೂ ಹೆಚ್ಚು ಮೆಚ್ಚುಗೆಯಾಯಿತು. ಹಾರ್ವರ್ಡಿನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಇನ್ನೊಂದು ದಾರಿ ತೋರಿಸಿದರು: ‘ನಾನು ಶಾಂತವಾಗಿದ್ದೇನೆ’ ಎನ್ನುವವರಿಗಿಂತ ‘ನನಗೆ ಉತ್ಸಾಹ ಬಂದಿದೆ’ ಎಂದುಕೊಂಡವರ ಮಾತು ಕೇಳುಗರನ್ನು ಹೆಚ್ಚು ಒಪ್ಪಿಸಿತು.

ಮಾತಾಡಿ ಮಾತಾಡಿ ಭಯ ಹೋಗುತ್ತದೆಯೇ? 1995ರಲ್ಲಿ ಕಿರ್ಶ್‌ಬಾಮ್ ತಂಡ 20 ಗಂಡಸರನ್ನು ಐದು ಬಾರಿ ಅದೇ ಪರೀಕ್ಷೆಗೆ ಒಡ್ಡಿತು. 13 ಜನರ ಕಾರ್ಟಿಸಾಲ್ ಏರಿಕೆ ಬೇಗನೆ ತಗ್ಗಿತು. ಉಳಿದ 7 ಜನರಲ್ಲಿ ಪ್ರತಿ ಸಲವೂ ಏರುತ್ತಲೇ ಇತ್ತು. ಮೊದಲ ಗುಂಪಿನವರಿಗೆ ಸಹೋದ್ಯೋಗಿಗಳ ಮುಂದೆ ನಾಲ್ಕಾರು ತಾಲೀಮು ಸಾಕಾದೀತು. ಎರಡನೆಯವರ ಸಾಲನ್ನು ಕ್ಲೈಂಟ್ ಎದುರು ಆರ್ಟ್ ಡೈರೆಕ್ಟರೋ ಕ್ಲೈಂಟ್ ಸರ್ವಿಸಿಂಗ್‌ನವರೋ ಓದಿ ಹೇಳಬಹುದು.