ಫ್ರೀ ನೀರಿಗೂ ಒಂದು ಟಿಕೆಟ್ ಇದೆ

ಬೇಸಿಗೆ ರಜೆ ಬಂತು ಅಂದ್ರೆ ಕೊಳ್ಳೇಗಾಲ, ಹನೂರು, ಯಳಂದೂರಿನ ಮನೆಗಳಲ್ಲಿ ಮಕ್ಕಳದ್ದು ಒಂದೇ ಹಠ: "ಅಪ್ಪಾ, ವಾಟರ್ ಪಾರ್ಕ್‌ಗೆ ಕರ್ಕೊಂಡು ಹೋಗು." ಅಪ್ಪ ಲೆಕ್ಕ ಹಾಕ್ತಾನೆ. ಮೈಸೂರಿನ ಕೆಆರ್‌ಎಸ್ ರಸ್ತೆಯ ಜಿಆರ್‌ಎಸ್ ಫ್ಯಾಂಟಸಿ ಪಾರ್ಕಾ, ಬಿಡದಿಯ ವಂಡರ್‌ಲಾನಾ? ಟಿಕೆಟ್ ದರ ಕೇಳಿದ ಮೇಲೆ ಅಪ್ಪನ ಬಾಯಿಂದ ಮೂರನೇ ಹೆಸರು ಬರುತ್ತೆ: "ದುಡ್ಡು ಯಾಕೆ ದಂಡ? ಪಕ್ಕದಲ್ಲೇ ಕಾವೇರಿ ಇದ್ದಾಳಲ್ಲ!"

ನಮ್ಮ ಜನರ ನಿಜವಾದ ಆಯ್ಕೆ ಇರೋದು ಇಲ್ಲೇ. ಒಂದು ಕಡೆ ದುಡ್ಡು ಕೊಡಬೇಕಾದ ನೀರು, ಇನ್ನೊಂದು ಕಡೆ ಪುಕ್ಕಟೆ ನೀರು.

ಮೊದಲು ದುಡ್ಡಿನ ಲೆಕ್ಕ ಮುಗಿಸೋಣ. ಕೊಳ್ಳೇಗಾಲದಿಂದ ಮೈಸೂರು ಅರವತ್ತು ಕಿಲೋಮೀಟರ್ ಚಿಲ್ಲರೆ. ಮಳವಳ್ಳಿ, ಮದ್ದೂರು ದಾಟಿ ಬಿಡದಿಗೆ ಹೋಗೋದಾದ್ರೆ ನೂರರ ಆಸುಪಾಸು. ಹನೂರಿನವರು ಎರಡಕ್ಕೂ ಇನ್ನೊಂದು ಇಪ್ಪತ್ತೈದು ಸೇರಿಸಿಕೊಳ್ಳಿ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ, ಅಷ್ಟು ಉಳಿಯಿತು. ಆದರೆ ಪಾರ್ಕಿನ ಖರ್ಚು ಗೇಟಿನ ಟಿಕೆಟ್‌ಗೆ ಮುಗಿಯಲ್ಲ. ಲಾಕರ್, ನೀರಿಗಿಳಿಯೋಕೆ ನೈಲಾನ್ ಬಟ್ಟೆ, ಮಧ್ಯಾಹ್ನದ ಊಟ ಎಲ್ಲಾ ಸೇರುತ್ತೆ. ಮನೆಯಿಂದ ಕಟ್ಟಿಕೊಂಡು ಹೋದ ಪುಳಿಯೋಗರೆಯನ್ನ ಎಷ್ಟೋ ಕಡೆ ಒಳಗೆ ಬಿಡಲ್ಲ. ಮಕ್ಕಳ ಟಿಕೆಟ್ಟನ್ನ ವಯಸ್ಸಿನ ಬದಲು ಎತ್ತರ ಅಳೆದು ಕೊಡೋದೂ ಇದೆ. ನೀರಾಟ ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಅಂತಲೂ ಮುಂಚೆಯೇ ಫೋನ್ ಮಾಡಿ ಕೇಳಿ. ಹೋಗಿಬರೋಕೇ ಐದು ಗಂಟೆ ಬೇಕಾಗಿ, ಮಕ್ಕಳಿಗೆ ಸಿಗೋದು ಮೂರೇ ಗಂಟೆ ನೀರು ಅಂದ್ರೆ, ಹತ್ತಿರದ ಚಿಕ್ಕ ಪಾರ್ಕೇ ವಾಸಿ.

ಇಷ್ಟೆಲ್ಲಾ ಖರ್ಚು ಯಾವುದಕ್ಕೆ? ಜಾರುಬಂಡೆಗೆ ಅಂತ ನಾವು ತಿಳ್ಕೊಂಡಿದ್ದೀವಿ. ನನ್ನ ಪ್ರಕಾರ ಆ ದುಡ್ಡಿಗೆ ಸಿಗೋ ದೊಡ್ಡ ವಸ್ತು ಎರಡು: ಗೋಡೆ ಮೇಲೆ ಬರೆದಿರೋ ಆಳದ ಅಳತೆ, ಮತ್ತು ಸೀಟಿ ಹಿಡಿದು ನಿಂತಿರೋ ಲೈಫ್‌ಗಾರ್ಡ್. ಈ ಎರಡೂ ಕಾಣದಿದ್ದರೆ ಅದು ಎಷ್ಟೇ ಬಣ್ಣಬಣ್ಣದ ಪಾರ್ಕಾಗಿರಲಿ, ಮಕ್ಕಳನ್ನ ಇಳಿಸಬೇಡಿ. ಇನ್ನೊಂದು ಸುಲಭದ ಪರೀಕ್ಷೆ ಇದೆ. ಕೊಳದ ತಳ ಕಣ್ಣಿಗೆ ಕಾಣಬೇಕು. ತಳ ಕಾಣದ ನೀರಲ್ಲಿ ಮುಳುಗಿದ ಮಗುವೂ ಕಾಣಲ್ಲ.

ಈಗ ಕಾವೇರಿಗೆ ಬನ್ನಿ. ನಮ್ಮ ಕಡೆ ಹರಿಯುವಾಗ ಅವಳ ಜೊತೆ ಕಪಿಲೆಯೂ ಇರ್ತಾಳೆ. ತಿರುಮಕೂಡಲು ನರಸೀಪುರದಲ್ಲಿ ಎರಡೂ ಸೇರಿ ತಲಕಾಡು, ಶಿವನಸಮುದ್ರದ ಕಡೆ ಬರ್ತವೆ. ಅಂದ್ರೆ ಕೆಆರ್‌ಎಸ್ ಮತ್ತು ಕಬಿನಿ, ಎರಡು ಅಣೆಕಟ್ಟೆಗಳಿಂದ ಬಿಟ್ಟ ನೀರು ನಮ್ಮ ಕಾಲ ಬುಡಕ್ಕೆ ಬರುತ್ತೆ. ಕೊಡಗಿನಲ್ಲಿ, ವಯನಾಡಿನಲ್ಲಿ ಮಳೆ ಸುರಿದರೆ ಕೊಳ್ಳೇಗಾಲದಲ್ಲಿ ಚುರುಗುಡುವ ಬಿಸಿಲಿದ್ದರೂ ನದಿ ಏರುತ್ತೆ.

ನಾವು ಸುದ್ದಿಯಲ್ಲಿ "ಹತ್ತು ಸಾವಿರ ಕ್ಯೂಸೆಕ್" ಅಂತ ಓದ್ತೀವಿ, ನೀವು ಕೇಳ್ತೀರಿ. ಒಂದು ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ ಸುಮಾರು 28 ಲೀಟರ್. ಹತ್ತು ಸಾವಿರ ಕ್ಯೂಸೆಕ್ ಅಂದ್ರೆ ಪ್ರತಿ ಸೆಕೆಂಡಿಗೆ 2 ಲಕ್ಷ 80 ಸಾವಿರ ಲೀಟರ್‌ಗೂ ಹೆಚ್ಚು! ಅದರ ಎದುರು ಒಬ್ಬ ಮನುಷ್ಯನ ಕಾಲಿನ ಬಲ ಎಷ್ಟು? 2018ರ ಪ್ರವಾಹಕ್ಕೆ ಶಿವನಸಮುದ್ರದ ಹಳೇ ವೆಸ್ಲಿ ಸೇತುವೆಯ ಕಲ್ಲುಗಳೇ ಕೊಚ್ಚಿಹೋದವು.

ನೀರು ಕಡಿಮೆ ಇದ್ದಾಗ ಪರವಾಗಿಲ್ವಾ ಅಂತ ಕೇಳಬಹುದು. ಆಗ ಅಪಾಯ ಕಣ್ಣಿಗೆ ಬೀಳಲ್ಲ, ಅಷ್ಟೇ. ಬಂಡೆ ಮೇಲೆ ಪಾಚಿ, ಬಂಡೆ ಪಕ್ಕದಲ್ಲಿ ಮಡು, ಮರಳಿನಲ್ಲಿ ಗುಂಡಿ. ಮೊಣಕಾಲುದ್ದ ನೀರಲ್ಲಿ ನಿಂತವರು ಒಂದು ಹೆಜ್ಜೆ ಮುಂದಿಟ್ಟರೆ ತಲೆ ಮುಳುಗುತ್ತೆ. ಸಿನಿಮಾದಲ್ಲಿ ತೋರಿಸೋ ಹಾಗೆ ಮುಳುಗೋರು "ಕಾಪಾಡಿ" ಅಂತ ಕೂಗಲ್ಲ. ಬಾಯಿ ನೀರಿನ ಮಟ್ಟದಲ್ಲಿರುತ್ತೆ, ಉಸಿರಿಗೇ ಜಾಗ ಇಲ್ಲ, ಕೂಗೋದೆಲ್ಲಿ? ಹತ್ತಡಿ ದೂರದಲ್ಲಿ ಕೂತು ಮಾತಾಡ್ತಿರೋ ಮನೆಯವರಿಗೆ ಗೊತ್ತೇ ಆಗಲ್ಲ. ಗೊತ್ತಾದ ಕೂಡಲೇ ಅಣ್ಣ ಧುಮುಕ್ತಾನೆ, ಅವನ ಹಿಂದೆ ಮಾವ ಧುಮುಕ್ತಾನೆ. ಒಂದೇ ಮನೆಯ ಮೂರು-ನಾಲ್ಕು ಜನರ ಸುದ್ದಿ ಓದೋ ದಿನ ನಮ್ಮ ಗಂಟಲೂ ಕಟ್ಟುತ್ತೆ.

ಹಾಗಂತ ದುಡ್ಡಿಲ್ಲದವರು ಮನೆಯಲ್ಲೇ ಕೂರಬೇಕಾ? ಬೇಡ. ಮಳೆಗಾಲ ಶುರುವಾದ ಮೇಲೆ ಭರಚುಕ್ಕಿಗೆ ಹೋಗಿ, ಕಟಾಂಜನದ ಈಚೆ ನಿಂತು ಕಣ್ತುಂಬ ನೋಡಿ. ಯಳಂದೂರಿನವರಿಗೆ ಬಿಳಿಗಿರಿರಂಗನ ಬೆಟ್ಟ ಇದೆ, ಹನೂರಿನವರಿಗೆ ಮಾದಪ್ಪನ ಬೆಟ್ಟ ಇದೆ. ಅಲ್ಲಿಂದ ಗೋಪಿನಾಥಂ ದಾರಿ ಹಿಡಿದು ಹೊಗೆನಕಲ್‌ಗೆ ಹೋದರೆ, ಲೈಫ್ ಜಾಕೆಟ್ ಕೊಡದ ತೆಪ್ಪ ಹತ್ತಬೇಡಿ. ಹೊಳೆ ಏರಿದೆ, ತೆಪ್ಪ ನಿಲ್ಲಿಸಿದ್ದೀವಿ ಅಂದ್ರೆ ಜಗಳ ಆಡದೆ ವಾಪಸ್ ಬನ್ನಿ. ಯಾರಾದರೂ ನೀರಿಗೆ ಬಿದ್ದರೆ ಹಿಂದೆಯೇ ಹಾರಬೇಡಿ. ಹಗ್ಗ, ಸೀರೆ, ಮುಚ್ಚಳ ಬಿಗಿದ ಖಾಲಿ ಕ್ಯಾನ್, ಕೈಗೆ ಸಿಕ್ಕಿದ್ದನ್ನ ಎಸೆಯಿರಿ. 112ಕ್ಕೆ ಕರೆ ಮಾಡಿ.

ಆಡಳಿತಕ್ಕೂ ಒಂದು ಮಾತು. ಎಚ್ಚರಿಕೆ ಬೋರ್ಡು ಯಾರನ್ನೂ ದಡಕ್ಕೆ ಎಳೆದು ತರಲ್ಲ. ಜನ ಸೇರೋ ದಡಗಳಲ್ಲಿ ಭಾನುವಾರ, ಹಬ್ಬದ ರಜೆಗಳಲ್ಲಿ ಈಜು ಬಲ್ಲ ಇಬ್ಬರು ಸೀಟಿ ಹಿಡಿದು ನಿಲ್ಲಬೇಕು. ಅಲ್ಲಿಯವರೆಗೆ ಆ ಸೀಟಿ ಅಪ್ಪ-ಅಮ್ಮನ ಕೈಯಲ್ಲೇ ಇರಲಿ. ಈ ರಜೆಯಲ್ಲಿ ಎಲ್ಲಿಗೇ ಹೋಗಿ, ಎಷ್ಟು ಜನ ಹೊರಟಿರೋ ಅಷ್ಟೂ ಜನ ಮನೆಗೆ ಬನ್ನಿ.