ಮದುವೆಯ ಹೂವಿನ ಅಲಂಕಾರ ಮತ್ತು ಗೊಬ್ಬರದ ಗುಂಡಿ



ಮಡಲಿನ ಚಪ್ಪರ, ಮಾವಿನ ತೋರಣ, ಬಾಳೆಯ ಕಂಬ, ಅಡಿಕೆಯ ಹಿಂಗಾರ – ನಮ್ಮ ಕಡೆಯ ಮದುವೆಯ ಸಿಂಗಾರವೆಲ್ಲ ಹಿಂದೆ ತೋಟದಿಂದಲೇ ಬರುತ್ತಿತ್ತು. ಮದುವೆ ಕಳೆದ ಮೇಲೆ ಗೊಬ್ಬರವಾಗಿ ತೋಟಕ್ಕೇ ಮರಳುತ್ತಿತ್ತು. ಈಗ ಹಣ ಕೊಟ್ಟು ತರುವ ಅಲಂಕಾರದಲ್ಲಿ ಪ್ಲಾಸ್ಟಿಕ್ ಹೂ, ನೈಲಾನ್ ದಾರ, ತಂತಿ ಮತ್ತು ಹೂ ಚುಚ್ಚಿಡುವ ಹಸಿರು ಸ್ಪಂಜು ಸೇರಿರುತ್ತವೆ. ಇವುಗಳೊಡನೆ ಬೆರೆತ ಹೂವು ಗೊಬ್ಬರಕ್ಕೆ ಬಾರದು.

ಈ ಹಸಿರು ಸ್ಪಂಜು 1954ರ ಸುಮಾರಿಗೆ ಅಮೆರಿಕದಲ್ಲಿ ಬಳಕೆಗೆ ಬಂದುದು. ಇದೂ ಒಂದು ಬಗೆಯ ಪ್ಲಾಸ್ಟಿಕ್ಕೇ. ಮಣ್ಣಿನಲ್ಲಿ ಕರಗುವುದಿಲ್ಲ, ಪುಡಿಯಾಗುತ್ತದೆ ಅಷ್ಟೆ. ತೋಡಿಗೆ ಎಸೆದರೆ ಮೊದಲ ಮಳೆಗೇ ಆ ಪುಡಿ ನೇತ್ರಾವತಿ–ಕುಮಾರಧಾರೆಗಳ ಸಂಗಮಕ್ಕೆ ಇಳಿಯುತ್ತದೆ. ಅಲಂಕಾರಕ್ಕೆ ಥರ್ಮೋಕೋಲ್ ಬಳಸುವುದನ್ನಂತೂ ದೇಶದಾದ್ಯಂತ 2022ರ ಜುಲೈ 1ರಿಂದ ನಿಷೇಧಿಸಲಾಗಿದೆ.

ಬದಲಿಗೆ ಏನು ಬಳಸಬಹುದು?

1. ಸ್ಪಂಜಿಗೆ ಬದಲು ಗೊನೆ ಕಡಿದ ಬಾಳೆಯ ದಿಂಡು. ಅದರಲ್ಲಿ ನೀರಿನಂಶ ತುಂಬಿರುವುದರಿಂದ ಚುಚ್ಚಿದ ಹೂವು ಬೇಗನೆ ಬಾಡದು.

2. ನೈಲಾನ್ ದಾರಕ್ಕೆ ಬದಲು ಬಾಳೆಯ ನಾರು. ಶಂಕರಪುರ ಮಲ್ಲಿಗೆಯನ್ನು ಇಂದಿಗೂ ಇದರಲ್ಲಿಯೇ ಕಟ್ಟುತ್ತಾರೆ.

3. ಪ್ಲಾಸ್ಟಿಕ್ ತಟ್ಟೆ, ಬುಟ್ಟಿಗಳಿಗೆ ಬದಲು ಅಡಿಕೆ ಹಾಳೆ.

4. ಮಲ್ಲಿಗೆಯನ್ನು ಲೆಕ್ಕ ಹಾಕಿ ತರಿಸಿರಿ. ಒಂದು ಚೆಂಡಿಗೆ 800 ಹೂ, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮುಡಿಯುವವರೆಷ್ಟು ಮಂದಿ ಎಂದು ಮೊದಲೇ ಎಣಿಸಿದರೆ ಉಳಿದು ಬಾಡುವುದು ತಪ್ಪುತ್ತದೆ.

ಒಂದು ಎಚ್ಚರಿಕೆ: ತೋಟದ್ದೆಂದು ಮಿತಿ ಮೀರಿ ಕಡಿಯಬಾರದು. ಒಂದು ಹಿಂಗಾರ ಕಡಿದರೆ ಒಂದು ಗೊನೆ ಅಡಿಕೆ ಹೋದಂತೆ. ಶಾಸ್ತ್ರಕ್ಕೆ ಬೇಕಾದಷ್ಟನ್ನೇ ತೆಗೆಯಿರಿ. ತೆಂಗಿನ ತಿರಿಯನ್ನು ಫಲ ಕೊಡುವ ಮರದಿಂದ ಕೀಳಬೇಡಿರಿ. ಸುಳಿಯ ಬಳಿ ಗಾಯವಾದರೆ ಕೆಂಪು ಮೂತಿ ಹುಳು ಸೇರಿ ಮರವೇ ಹೋದೀತು. ಹೇಗೂ ಕಡಿಯಬೇಕಾದ ಮರ ಇದ್ದರೆ ಅದರಿಂದ ತೆಗೆಯಬಹುದು.

ಮದುವೆಯ ಮರುದಿನ ಮಾಡತಕ್ಕ ಕೆಲಸ

ಮೊದಲು ತಂತಿ, ಗುಂಡುಸೂಜಿ, ಜರಿ ಕಾಗದಗಳನ್ನು ಆರಿಸಿ ತೆಗೆಯಿರಿ. ಬಾಳೆ ದಿಂಡನ್ನು ಗೇಣುದ್ದಕ್ಕೂ ಕಡಿಮೆಯ ತುಂಡುಗಳಾಗಿ ಕೊಚ್ಚಿರಿ. ಗುಂಡಿಯಲ್ಲಿ ಹೂವು–ದಿಂಡು ಒಂದು ಪದರ, ತರಗೆಲೆ ಒಂದು ಪದರ ಹಾಕಿ, ಪ್ರತಿ ಪದರಕ್ಕೂ ಸೆಗಣಿ ನೀರು ಚಿಮುಕಿಸಿರಿ. ಹದಿನೈದು–ಇಪ್ಪತ್ತು ದಿನಗಳಿಗೊಮ್ಮೆ ಮಗುಚಿರಿ. ಹಿಡಿದು ಹಿಂಡಿದರೆ ಕೈ ಒದ್ದೆಯಾಗುವಷ್ಟು ತೇವ ಸಾಕು; ನೀರು ಸುರಿಯಬಾರದು. ಮೇ ತಿಂಗಳಿನಲ್ಲಿ ತುಂಬಿದ ಗುಂಡಿಗೆ ಮಳೆ ಹಿಡಿಯುವ ಮೊದಲೇ ಸೋಗೆಯ ಮಾಡು ಕಟ್ಟಿರಿ. ಇಲ್ಲವಾದರೆ ಸಾರವೆಲ್ಲ ತೊಳೆದುಹೋಗುತ್ತದೆ. ಮೂರು–ನಾಲ್ಕು ತಿಂಗಳಲ್ಲಿ ಗೊಬ್ಬರ ಕಪ್ಪಗಾಗಿ ಮಣ್ಣಿನ ವಾಸನೆ ಬರುತ್ತದೆ. ಮಳೆ ಕಡಿಮೆಯಾದೊಡನೆ ಅಡಿಕೆ ಬುಡಕ್ಕೆ ಹಾಕಲು ಅದು ಸಿದ್ಧ.

ಅಲಂಕಾರದವರಿಗೆ ಮುಂಗಡ ಕೊಡುವಾಗಲೇ "ಸ್ಪಂಜು ಬೇಡ, ನೈಲಾನ್ ಬೇಡ, ದಿಂಡು ನಾವೇ ಕೊಡುತ್ತೇವೆ" ಎಂದು ಹೇಳಿಬಿಡಿರಿ. ಚಪ್ಪರ ಎದ್ದ ಮೇಲೆ ಹೇಳಿ ಪ್ರಯೋಜನವಿಲ್ಲ.